ಕೆಟಲ್ ಜಾಲರಿ ಹರಿದಿದೆ, ತಳದಲ್ಲಿ ಸುಣ್ಣ ಕಟ್ಟಿದೆ: ಕೆಟಲ್ ಎಸೆಯಬೇಕಾ?

ಪ್ರಶ್ನೆ: ನಾವು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಬೋರ್‌ವೆಲ್ ನೀರು, ಸಾಲದಿದ್ದರೆ ಟ್ಯಾಂಕರ್. ಒಂದೂವರೆ ಲೀಟರಿನ ಸ್ಟೀಲ್ ಎಲೆಕ್ಟ್ರಿಕ್ ಕೆಟಲ್ ಇದೆ, ತೊಗೊಂಡು ಎರಡು ವರ್ಷ ಆಯ್ತು. ಹೋದ ವಾರ ತೊಳೆಯುವಾಗ ಮೂತಿಯ ಹತ್ತಿರದ ಫಿಲ್ಟರ್ ಜಾಲರಿ ಹರಿದುಹೋಯಿತು, ಫ್ರೇಮಿನ ಒಂದು ಕೊಂಡಿಯೂ ಮುರಿದಿದೆ. ಈಗ ಲೋಟಕ್ಕೆ ಬಗ್ಗಿಸಿದರೆ ಬಿಳಿ ಚಕ್ಕೆಗಳು ತೇಲುತ್ತವೆ. ನಮ್ಮತ್ತೆ ದಿನಾ ಬೆಳಿಗ್ಗೆ ಬಿಸಿನೀರು ಕುಡಿಯುತ್ತಾರೆ, ಅವರಿಗೆ ಹಿಂದೆ ಕಿಡ್ನಿ ಸ್ಟೋನ್ ಆಗಿತ್ತು, ಅದಕ್ಕೇ ಭಯ. ಜಾಲರಿ ಇಲ್ಲದೆ ಬಳಸಬಹುದಾ? ವಿನೆಗರ್ ಹಾಕಿ ನೋಡಿದೆ, ವಾಸನೆ ಹೋಗುತ್ತಿಲ್ಲ. ಹೊಸ ಕೆಟಲ್ ತೊಗೊಳ್ಳೋದೇ ವಾಸಿನಾ?

ಉತ್ತರ: ಎಸೆಯಬೇಡಿ. ನೀವು ಬರೆದಿರುವುದನ್ನು ನೋಡಿದರೆ ಕೆಟಲ್ ಚೆನ್ನಾಗಿಯೇ ಇದೆ. ಹೋಗಿರುವುದು ಒಂದು ಜರಡಿ, ಅಷ್ಟೇ. ಇಪ್ಪತ್ತು ವರ್ಷದಿಂದ ಮನೆ ಸಾಮಾನು ರಿಪೇರಿ ಮಾಡುತ್ತಿದ್ದೇನೆ, ಜಾಲರಿ ಹರಿಯಿತು ಅಂತ ಒಳ್ಳೆಯ ಕೆಟಲನ್ನು ಗುಜರಿಗೆ ಹಾಕಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ಯಾಕೆಂದರೆ ಅವರು ಹೊಸದು ತಂದ ಮೇಲೂ ನೀರು ಅದೇ, ಅಭ್ಯಾಸ ಅದೇ, ಒಂದೂವರೆ ವರ್ಷದಲ್ಲಿ ಆ ಜಾಲರಿಯೂ ಹೀಗೇ ಹರಿಯುತ್ತದೆ.

ಮೊದಲು ಈ ಫಿಲ್ಟರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಹೆಸರು ಕೇಳಿದರೆ ಅದು ನೀರನ್ನು ಶುದ್ಧ ಮಾಡುತ್ತದೆ ಅನ್ನಿಸುತ್ತದೆ. ಇಲ್ಲ. ಅದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಸಿದ ನೈಲಾನ್ ಬಲೆ, ಕೆಲವು ಕೆಟಲ್‌ಗಳಲ್ಲಿ ಸ್ಟೀಲ್ ಬಲೆ. ಟೀ ಸೋಸುವ ಜರಡಿ ಸೊಪ್ಪನ್ನು ಹಿಡಿಯುವ ಹಾಗೆ ಇದು ಬಿಳಿ ಚಕ್ಕೆಯನ್ನು ಹಿಡಿಯುತ್ತದೆ. ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಸುಣ್ಣದ ಅಂಶವನ್ನು, ಕಡಿಮೆ ಮಾಡುವುದಿಲ್ಲ, ಕ್ರಿಮಿ ಕೊಲ್ಲುವುದಿಲ್ಲ. ಅಂದರೆ ಜಾಲರಿ ಇದ್ದಾಗ ನೀವು ಕುಡಿಯುತ್ತಿದ್ದ ನೀರು, ಈಗ ಕುಡಿಯುತ್ತಿರುವ ನೀರು ಎರಡೂ ಒಂದೇ. ಆಗ ಚಕ್ಕೆ ಕಣ್ಣಿಗೆ ಬೀಳುತ್ತಿರಲಿಲ್ಲ, ಈಗ ಬೀಳುತ್ತಿದೆ.

ಹಾಗಾದರೆ ಜಾಲರಿ ಯಾಕೆ ಹರಿಯಿತು? ನಿಮ್ಮ ಕೈಯಲ್ಲಿರುವ ಆ ಹರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಬಲೆಯ ಸಣ್ಣ ಸಣ್ಣ ಕಣ್ಣುಗಳಲ್ಲಿ ಅರ್ಧಕ್ಕರ್ಧ ಬಿಳಿಯಾಗಿ ಮುಚ್ಚಿಹೋಗಿರುತ್ತವೆ. ಬೆರಳಿಂದ ಸವರಿದರೆ ಬಟ್ಟೆಯ ಹಾಗೆ ಮೆತ್ತಗಿರುವುದಿಲ್ಲ, ಗಂಜಿ ಹಾಕಿ ಒಣಗಿಸಿದ ಹಾಗೆ ಬಿರುಸಾಗಿರುತ್ತದೆ. ಹರಿದಿರುವ ಜಾಗವೂ ನಡುವೆ ಇರುವುದಿಲ್ಲ, ಬಲೆ ಚೌಕಟ್ಟಿಗೆ ಸೇರುವ ಅಂಚಿನಲ್ಲಿ ಇರುತ್ತದೆ. ಸುಣ್ಣ ತುಂಬಿ ಬಿರುಸಾದ ಬಲೆಯನ್ನು ಬ್ರಷ್ ಹಾಕಿ ಉಜ್ಜಿದರೆ ಅದು ಬಾಗುವುದಿಲ್ಲ, ಅಂಚಿನಲ್ಲಿ ಸೀಳುತ್ತದೆ. ನಿಮ್ಮದೂ ತೊಳೆಯುವಾಗಲೇ ಹರಿಯಿತು ಅಂದಿರಿ ಅಲ್ವಾ? ಅದು ನಿಮ್ಮ ತಪ್ಪಲ್ಲ. ಆ ಜಾಲರಿಯನ್ನು ಮುರಿದದ್ದು ಸುಣ್ಣ.

ಒಂದು ಕೆಲಸ ಈಗಲೇ ಮಾಡಿ. ಮುರಿದ ಕೊಂಡಿಯ ಚೂರು ಎಲ್ಲಿದೆ ಹುಡುಕಿ. ಅಕ್ಕಿಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಅದು, ಕೆಟಲಿನ ಒಳಗೆ ಸುಣ್ಣದ ನಡುವೆ ಕೂತಿದ್ದರೆ ಗೊತ್ತಾಗುವುದಿಲ್ಲ, ಯಾರದಾದರೂ ಲೋಟಕ್ಕೆ ಬೀಳುತ್ತದೆ. ಚೂರನ್ನು ಚೌಕಟ್ಟಿಗೆ ಜೋಡಿಸಿ ಪೂರ್ತಿ ಆಗುತ್ತದಾ ನೋಡಿ. ಆಮೇಲೆ ಹರಿದ ಜಾಲರಿಯನ್ನು ತೆಗೆದೇ ಇಡಿ, ಅರ್ಧ ನೇತಾಡುವ ಜಾಲರಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಬಿಸಿನೀರು ಬಗ್ಗಿಸುವಾಗ ಅದು ತಟ್ಟನೆ ಕಳಚಿ ಮೂತಿಗೆ ಅಡ್ಡ ಬಂದರೆ ನೀರು ಪಕ್ಕಕ್ಕೆ ಚಿಮ್ಮಿ ಕೈ ಸುಡುತ್ತದೆ.

ಜಾಲರಿ ಇಲ್ಲದೆ ಬಳಸಬಹುದಾ ಅಂದರೆ, ಬಳಸಬಹುದು. ಕೆಟಲ್ ತಾನಾಗಿಯೇ ಆಫ್ ಆಗುವುದಕ್ಕೂ ಜಾಲರಿಗೂ ಸಂಬಂಧ ಇಲ್ಲ. ಆಫ್ ಮಾಡುವುದು ಹಬೆ. ನೀರು ಕುದಿದಾಗ ಹಬೆ ಒಳಗಿನ ಒಂದು ಸಣ್ಣ ದಾರಿಯಲ್ಲಿ ಹೋಗಿ ಎರಡು ಲೋಹ ಸೇರಿಸಿ ಮಾಡಿದ ಒಂದು ಬಿಲ್ಲೆಯನ್ನು ಬಿಸಿ ಮಾಡುತ್ತದೆ, ಅದು ಟಕ್ ಅಂತ ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಮುಚ್ಚಳ ಸರಿಯಾಗಿ ಮುಚ್ಚಿದ್ದರೆ ಸಾಕು. ಮುಚ್ಚಳ ತೆರೆದಿದ್ದರೆ ಮಾತ್ರ ಹಬೆ ಮೇಲೆ ಹೋಗಿಬಿಡುತ್ತದೆ, ಕೆಟಲ್ ಕುದಿಯುತ್ತಲೇ ಇರುತ್ತದೆ, ಆ ತಪ್ಪು ಮಾಡಬೇಡಿ. ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಕಡಿಮೆಯೇ ತುಂಬಿಸಿ, ಜಾಲರಿ ಇಲ್ಲದಾಗ ನೀರು ಮೂತಿಯಿಂದ ಜೋರಾಗಿ ಬರುತ್ತದೆ. ಲೋಟದ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಟೀ ಜರಡಿ ಹಿಡಿದು ಬಗ್ಗಿಸಿ, ಅಥವಾ ಆಫ್ ಆದ ಮೇಲೆ ಎರಡು ನಿಮಿಷ ಸುಮ್ನೆ ಬಿಡಿ, ಚಕ್ಕೆ ತಳಕ್ಕೆ ಕೂರುತ್ತದೆ, ಕೊನೆಯ ಅರ್ಧ ಲೋಟ ಬಗ್ಗಿಸದೆ ಚೆಲ್ಲಿ.

ಜಾಲರಿಯನ್ನು ಫೆವಿಕ್ವಿಕ್, ಎಂ-ಸೀಲ್ ಹಾಕಿ ಅಂಟಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕುದಿಯುವ ಕುಡಿಯುವ ನೀರಿನಲ್ಲಿ ಇರುವುದಕ್ಕೆ ಮಾಡಿದ ಅಂಟಲ್ಲ ಅವು.

ಈಗ ನಿಮ್ಮತ್ತೆಯವರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನಿಜವಾದ ಭಯ ಇರುವುದು ಇಲ್ಲಿ. ಕೆಟಲಿನ ಬಿಳಿ ಚಕ್ಕೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಸ್ವಲ್ಪ ಮೆಗ್ನೀಸಿಯಂ. ಮೂಳೆಗೆ ಅಂತ ಡಾಕ್ಟರು ಬರೆದುಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಇದೆಯಲ್ಲ, ಸಾಮಾನ್ಯವಾಗಿ ಅದರಲ್ಲಿ ಇರುವುದೂ ಇದೇ ವಸ್ತು, 1250 ಮಿಲಿಗ್ರಾಂ. ಲೋಟದಲ್ಲಿ ತೇಲುವ ನಾಲ್ಕು ಚಕ್ಕೆ ಅದರ ಹತ್ತಿರಕ್ಕೂ ಬರುವುದಿಲ್ಲ. ಹೊಟ್ಟೆಯ ಆಮ್ಲದಲ್ಲಿ ಅದು ಕರಗಿಹೋಗುತ್ತದೆ. ಚಕ್ಕೆ ಹಾಗೆಯೇ ಹೋಗಿ ಕಿಡ್ನಿಯಲ್ಲಿ ಕಲ್ಲಾಗಿ ಕೂರುತ್ತದೆ ಅನ್ನುವುದು ನೋಡಿದರೆ ಹಾಗನ್ನಿಸುವ ಮಾತು, ಆದರೆ ಕಲ್ಲು ಆಗುವ ರೀತಿ ಬೇರೆ. ಬಹುಪಾಲು ಕಲ್ಲು ಕ್ಯಾಲ್ಸಿಯಂ ಆಕ್ಸಲೇಟ್, ಅದು ಮೂತ್ರ ಗಟ್ಟಿಯಾದಾಗ ಕಿಡ್ನಿಯಲ್ಲೇ ಹರಳು ಕಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಮಿತಿಯನ್ನೇ ಹಾಕಿಲ್ಲ. ಕಲ್ಲು ಆಗಿದ್ದವರಿಗೆ ಮುಖ್ಯವಾದದ್ದು ಸಾಕಷ್ಟು ನೀರು ಕುಡಿಯುವುದು. ಚಕ್ಕೆ ನೋಡಿ ಹೆದರಿ ಅವರು ಬೆಳಗಿನ ನೀರನ್ನೇ ಬಿಟ್ಟರೆ ಅದು ಜಾಸ್ತಿ ಕೆಡುಕು. ಅವರಿಗೆ ಯಾವ ಬಗೆಯ ಕಲ್ಲಾಗಿತ್ತು, ಕಿಡ್ನಿ ಈಗ ಹೇಗಿದೆ ಅನ್ನುವುದು ಅವರ ಡಾಕ್ಟರಿಗೆ ಗೊತ್ತು, ಒಂದು ಮಾತು ಅವರನ್ನೇ ಕೇಳಿ. ಅಲ್ಲಿಯವರೆಗೆ ಸೋಸಿ ಕೊಡಿ, ಧೈರ್ಯವಾಗಿ ಕುಡಿಯಲಿ.

ಆದರೆ ಬೋರ್‌ವೆಲ್ ನೀರಿನಲ್ಲಿ ನಾನು ಭಯಪಡುವ ವಿಷಯ ಬೇರೆ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಫ್ಲೋರೈಡ್ ಮತ್ತು ನೈಟ್ರೇಟ್. ಸುಣ್ಣ ಕುದಿಸಿದರೆ ಬೇರೆಯಾಗಿ ಕೂರುತ್ತದೆ, ಇವು ಕೂರುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ಉಳಿದ ನೀರಿನಲ್ಲಿ ಇವುಗಳ ಪ್ರಮಾಣ ಸ್ವಲ್ಪ ಹೆಚ್ಚುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಫ್ಲೋರೈಡ್ ಹಳೆಯ ಸಮಸ್ಯೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಇರಬಹುದು ಅನ್ನುತ್ತದೆ. ನೈಟ್ರೇಟ್ 45 ಮೀರಬಾರದು. ನಿಮ್ಮ ಅಪಾರ್ಟ್‌ಮೆಂಟ್ ಸಂಘದವರ ಹತ್ತಿರ ಬೋರ್‌ವೆಲ್ ನೀರಿನ ಪರೀಕ್ಷೆ ವರದಿ ಕೇಳಿ. ಇಲ್ಲ ಅಂದರೆ ಮಾಡಿಸಲು ಒತ್ತಾಯಿಸಿ. ಅದರಲ್ಲೇ ಗಡಸುತನದ ಅಂಕಿಯೂ ಇರುತ್ತದೆ. ಅದೇ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಇದ್ದರೆ ಸರಿ, ಬೇರೆ ದಾರಿ ಇಲ್ಲದಿದ್ದರೆ 600 ತನಕ.

ವರದಿ ಬರುವ ತನಕ ಮನೆಯಲ್ಲೇ ಒಂದು ಅಂದಾಜು ನೋಡಬಹುದು. ಎರಡು ಒಂದೇ ಅಳತೆಯ ಬಾಟಲಿ ತೊಗೊಳ್ಳಿ. ಒಂದಕ್ಕೆ ನಿಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಮಳೆನೀರು ಅಥವಾ ಆರ್‌ಒ ನೀರು, ಅರ್ಧರ್ಧ. ಮೈಸೋಪನ್ನು ತುರಿದು ಆರ್‌ಒ ನೀರಿನಲ್ಲಿ ಕರಗಿಸಿ ಎರಡಕ್ಕೂ ಹತ್ತು ಹತ್ತು ಹನಿ ಹಾಕಿ ಚೆನ್ನಾಗಿ ಕುಲುಕಿ. ಮೆದು ನೀರಿನಲ್ಲಿ ನೊರೆ ಗಟ್ಟಿಯಾಗಿ ನಿಲ್ಲುತ್ತದೆ. ಗಡಸು ನೀರು ಹಾಲಿನ ಹಾಗೆ ಕದಡಿ ಮೇಲೆ ಒಡೆದ ಮೊಸರಿನಂತೆ ತೇಲುತ್ತದೆ. ಬಟ್ಟೆ ಪುಡಿ, ಶಾಂಪೂ ಬಳಸಬೇಡಿ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ಏನೂ ಗೊತ್ತಾಗುವುದಿಲ್ಲ. ಅಡುಗೆ ಮಾಡುವವರಿಗೆ ಈ ಪರೀಕ್ಷೆಯೂ ಬೇಡ, ತೊಗರಿಬೇಳೆ ಎಷ್ಟು ಕೂಗು ಹಾಕಿಸಿದರೂ ಬೇಯುತ್ತಿಲ್ಲ ಅಂದರೆ ನೀರು ಗಡಸು ಅಂತಲೇ ಲೆಕ್ಕ.

ಸುಣ್ಣ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾದರೆ ತೆಗೆಯುವುದು ಸುಲಭ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿಗೆ ಕಲ್ಲಿನ ಕ್ಯಾಲ್ಸಿಯಂ ಕರಗಿ ಬೈಕಾರ್ಬೊನೇಟ್ ಆಗಿ ನೀರಿಗೆ ಸೇರುತ್ತದೆ. ನೂರಾರು ಅಡಿ ಆಳದಲ್ಲಿ ವರ್ಷಗಟ್ಟಲೆ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ನಮ್ಮ ಬೋರ್‌ವೆಲ್ ನೀರು. ಕೆಟಲಿನಲ್ಲಿ ಕಾಯಿಸಿದಾಗ ಆ ಅನಿಲ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಕರಗಿ ನಿಲ್ಲಲಾರದೆ ಮತ್ತೆ ಕಲ್ಲಾಗುತ್ತದೆ. ಎಲ್ಲಿ ಜಾಸ್ತಿ ಬಿಸಿಯೋ ಅಲ್ಲೇ ಅಂಟುತ್ತದೆ, ಅದಕ್ಕೇ ತಳದಲ್ಲಿ.

ಲೆಕ್ಕ ಹಾಕಿ ನೋಡೋಣ. ಕುದಿಸಿದರೆ ಕೂರುವ ಸುಣ್ಣ ಲೀಟರಿಗೆ 300 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ದಿನಕ್ಕೆ 2 ಲೀಟರ್ ಕಾಯಿಸಿದರೆ ತಿಂಗಳಿಗೆ 60 ಲೀಟರ್, ಒಟ್ಟು 18 ಗ್ರಾಂ. ಒಂದಷ್ಟು ನೀರಿನ ಜೊತೆ ಹೋಗುತ್ತದೆ, ಅರ್ಧ ಅಂಟಿತು ಅಂದರೂ 9 ಗ್ರಾಂ. ಎರಡು ವರ್ಷ ಬಿಟ್ಟರೆ ಎಷ್ಟಾಯಿತು ನೋಡಿ! ಒಮ್ಮೆ ಒಂದು ಪಿಜಿಯಿಂದ ಬಂದ ಕೆಟಲ್ ಬಿಚ್ಚಿದಾಗ ತಳದಿಂದ ಬಿಲ್ಲೆಯೇ ಎದ್ದು ಬಂತು, ಎರಡು ರೂಪಾಯಿ ನಾಣ್ಯ ಎರಡು ಜೋಡಿಸಿದಷ್ಟು ದಪ್ಪ. ಮೇಲ್ಭಾಗ ಸೀತಾಫಲದ ಸಿಪ್ಪೆಯ ಹಾಗೆ ಉಬ್ಬು ತಗ್ಗು, ಅಡಿಭಾಗ ಸ್ಟೀಲಿನ ಅಚ್ಚು ಬಿದ್ದು ನುಣ್ಣಗೆ. ಆ ಕೆಟಲ್ ಕುದಿಯುವ ಮೊದಲೇ ಆಫ್ ಆಗುತ್ತಿತ್ತು, ಅದಕ್ಕೇ ರಿಪೇರಿಗೆ ತಂದಿದ್ದರು. ಸುಣ್ಣದ ಪದರ ಅಡ್ಡ ಇದ್ದರೆ ಶಾಖ ನೀರಿಗೆ ಬೇಗ ದಾಟುವುದಿಲ್ಲ, ತಳದ ತಟ್ಟೆ ವಿಪರೀತ ಕಾಯುತ್ತದೆ, ನೀರಿಲ್ಲದೆ ಸುಡದಿರಲಿ ಅಂತ ಕೆಳಗೆ ಇಟ್ಟಿರುವ ಇನ್ನೊಂದು ಸ್ವಿಚ್ ಬೀಳುತ್ತದೆ. ಸುಣ್ಣದಿಂದ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಅನ್ನುತ್ತಾರೆ, ಅಷ್ಟೇನೂ ಆಗುವುದಿಲ್ಲ. ಹಾಳಾಗುವುದು ಕಾಯಿಲ್ ಮತ್ತು ಸ್ವಿಚ್ಚಿನ ಆಯಸ್ಸು.

ತೆಗೆಯುವುದು ಹೇಗೆ. ವಿನೆಗರ್ ತಪ್ಪಲ್ಲ, ಕೆಲಸ ಮಾಡುತ್ತದೆ, ಆದರೆ ಅದರಲ್ಲಿರುವ ಆಮ್ಲವೇ ಆವಿಯಾಗುವಂಥದ್ದು, ಕಾಯಿಸಿದರೆ ಮನೆಯೆಲ್ಲ ಘಾಟು, ಮುಚ್ಚಳದ ರಬ್ಬರಿಗೂ ವಾಸನೆ ಹಿಡಿಯುತ್ತದೆ. ಈಗಿರುವ ವಾಸನೆಗೆ ಎರಡು ಮೂರು ಸಲ ಬರೀ ನೀರು ಕುದಿಸಿ ಚೆಲ್ಲಿ, ಮುಚ್ಚಳ ತೆರೆದು ರಾತ್ರಿಯಿಡೀ ಗಾಳಿಗೆ ಬಿಡಿ, ಹೋಗುತ್ತದೆ. ನಾನು ಬಳಸುವುದು ನಿಂಬೆ ಉಪ್ಪು. ದಿನಸಿ ಅಂಗಡಿಯಲ್ಲಿ ಕೇಳಿದರೆ ಸಣ್ಣ ಪೊಟ್ಟಣದಲ್ಲಿ ಕೊಡುತ್ತಾರೆ, ಸಕ್ಕರೆಯಂಥ ಬಿಳಿ ಹರಳು, ಅಂದರೆ ಸಿಟ್ರಿಕ್ ಆಮ್ಲ. ವಾಸನೆ ಇಲ್ಲ, ತಿನ್ನುವ ವಸ್ತು, ಅಗ್ಗ. ನಿಂಬೆಹಣ್ಣನ್ನೇ ಹಿಂಡಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಒಂದು ಹಣ್ಣಿನಲ್ಲಿ ಒಂದೂವರೆ ಗ್ರಾಂ ಆಸುಪಾಸು ಆಮ್ಲ ಸಿಕ್ಕರೆ ಹೆಚ್ಚು. 10 ಗ್ರಾಂ ಸುಣ್ಣ ಕರಗಿಸಲು ಸುಮಾರು 13 ಗ್ರಾಂ ಬೇಕು. ಎಂಟು ಒಂಬತ್ತು ನಿಂಬೆಹಣ್ಣು ಕೆಟಲಿಗೆ ಸುರಿಯುವ ಬದಲು ಪಾನಕ ಮಾಡಿ ಕುಡಿಯಿರಿ.

ಹೀಗೆ ಮಾಡಿ. ಕೆಟಲಿಗೆ ಅರ್ಧ ಲೀಟರ್ ನೀರು ಹಾಕಿ, ಗೋಡೆಗಳಿಗೂ ಸುಣ್ಣ ಹತ್ತಿದ್ದರೆ ಅದು ಮುಳುಗುವಷ್ಟು. ಕುದಿಸಿ, ಆಫ್ ಆದ ಮೇಲೆ ಪ್ಲಗ್ಗನ್ನೂ ತೆಗೆಯಿರಿ. ಹತ್ತು ನಿಮಿಷ ಆರಲಿ. ಆಮೇಲೆ ಒಂದು ದೊಡ್ಡ ಚಮಚ ನಿಂಬೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ. ಕುದಿಯುವ ನೀರಿಗೆ ಒಂದೇ ಸಲ ಸುರಿದರೆ ನೊರೆ ಉಕ್ಕಿ ಮೇಲೆ ಬಂದು ಕೈ ಮೇಲೆ ಚೆಲ್ಲುತ್ತದೆ. ಹಾಕುತ್ತಿದ್ದ ಹಾಗೇ ಸೋಡಾ ತೆರೆದಾಗಿನಂತೆ ಸುರ್ ಅನ್ನುವ ಶಬ್ದ, ತಳದಿಂದ ಸಾಲು ಸಾಲಾಗಿ ಗುಳ್ಳೆ ಏಳುತ್ತವೆ, ಚಕ್ಕೆಗಳು ಅಂಚಿನಿಂದ ಬಿಟ್ಟುಕೊಂಡು ತೇಲುತ್ತವೆ. ಅರ್ಧ ಗಂಟೆ ಬಿಡಿ. ಗುಳ್ಳೆ ನಿಂತಿದ್ದು ಸುಣ್ಣ ಇನ್ನೂ ಇದ್ದರೆ ಆಮ್ಲ ಖರ್ಚಾಯಿತು ಅಂತ ಅರ್ಥ, ಚೆಲ್ಲಿ ಮತ್ತೆ ಹೊಸದಾಗಿ ಹಾಕಿ. ಎರಡು ವರ್ಷದ ಸುಣ್ಣ ಒಂದೇ ಸಲಕ್ಕೆ ಹೋಗುವುದಿಲ್ಲ, ನಾಲ್ಕೈದು ಸಲ ಬೇಕಾದರೂ ಆಶ್ಚರ್ಯ ಇಲ್ಲ.

ನಿಂಬೆ ಉಪ್ಪು ಹಾಕಿದ ಮೇಲೆ ಮತ್ತೆ ಕುದಿಸಬೇಡಿ. ಬಹಳ ಜನ ಬೇಗ ಆಗಲಿ ಅಂತ ಕುದಿಸುತ್ತಾರೆ. ಸುಣ್ಣ ಮತ್ತು ನಿಂಬೆ ಉಪ್ಪು ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ತಣ್ಣಗಿನ ನೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ, ಹಾಗಾಗಿ ಕುದಿಸಿದರೆ ಅದು ಬಿಳಿ ಪುಡಿಯಾಗಿ ಮತ್ತೆ ತಳಕ್ಕೆ ಕೂರುತ್ತದೆ. ಸುಣ್ಣ ತೆಗೆಯಲು ಹೋಗಿ ಇನ್ನೊಂದು ಬಿಳಿ ಪದರ ಬರಿಸಿಕೊಂಡ ಹಾಗಾಗುತ್ತದೆ. ಉಗುರುಬೆಚ್ಚಗೆ ಇದ್ದರೆ ಸಾಕು. ಕೊನೆಗೆ ಎರಡು ಸಲ ತೊಳೆದು, ಒಂದು ಸಲ ಬರೀ ನೀರು ಕುದಿಸಿ ಚೆಲ್ಲಿ. ತೊಳೆಯುವಾಗ ಕೆಳಗಿನ ವಿದ್ಯುತ್ ಭಾಗಕ್ಕೆ ನೀರು ತಾಗದಿರಲಿ, ಕೆಟಲನ್ನು ಸಿಂಕಿನಲ್ಲಿ ಮುಳುಗಿಸಬಾರದು.

ಬಾತ್‌ರೂಮ್ ತೊಳೆಯುವ ಆಸಿಡ್ ಬೇಡವೇ ಬೇಡ, ಅದು ಸ್ಟೀಲಿಗೆ ಸಣ್ಣ ಸಣ್ಣ ಗುಂಡಿ ತೋಡುತ್ತದೆ. ಬ್ಲೀಚನ್ನು ವಿನೆಗರ್ ಅಥವಾ ನಿಂಬೆ ಉಪ್ಪಿನ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಅಡುಗೆಮನೆಯಲ್ಲಿ ಪ್ರಾಣಕ್ಕೇ ಅಪಾಯ. ಅಡುಗೆ ಸೋಡಾ ಸುಣ್ಣ ಕರಗಿಸುವುದಿಲ್ಲ, ವಿನೆಗರ್ ಜೊತೆ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ, ಆದರೆ ಎರಡೂ ಒಂದನ್ನೊಂದು ಕೆಡಿಸಿಕೊಂಡು ಸುಣ್ಣ ಹಾಗೇ ಇರುತ್ತದೆ. ಚಾಕು, ಸ್ಟೀಲ್ ನಾರು ಹಾಕಿ ಕೆರೆಯಬೇಡಿ. ಗೀರು ಬಿದ್ದ ಕಡೆ ಸುಣ್ಣ ಇನ್ನೂ ಬೇಗ ಹಿಡಿಯುತ್ತದೆ.

ಸುಣ್ಣ ಹೋದ ಮೇಲೆ ತಳ ಚೆನ್ನಾಗಿ ನೋಡಿ. ನೀಲಿ, ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಕಾದ ಸ್ಟೀಲಿನ ಬಣ್ಣ, ತೊಂದರೆ ಇಲ್ಲ. ಕಂದು ಚುಕ್ಕೆ ನೀರಿನ ಕಬ್ಬಿಣದ್ದು, ನಿಂಬೆ ಉಪ್ಪಿಗೇ ಹೋಗುತ್ತದೆ. ಆದರೆ ಸೂಜಿ ಮೊನೆಯಂಥ ರಂಧ್ರ, ಕೆಳಗೆ ನೀರು ಜಿನುಗುವುದು, ಮುಟ್ಟಿದರೆ ಜುಮ್ ಅನ್ನುವುದು, ಇದರಲ್ಲಿ ಒಂದು ಇದ್ದರೂ ಪ್ಲಗ್ ತೆಗೆದು ಪಕ್ಕಕ್ಕಿಡಿ. ಅಂಥದ್ದನ್ನು ಬದಲಾಯಿಸಲೇಬೇಕು.

ಇನ್ನು ಸುಣ್ಣ ಕಟ್ಟದ ಹಾಗೆ ನೋಡಿಕೊಳ್ಳುವುದು. ಕುಡಿಯುವ ನೀರಿಗೆ ಆರ್‌ಒ ಇದ್ದರೆ ಅದೇ ನೀರನ್ನು ಕೆಟಲಿಗೆ ಹಾಕಿ, ಸುಣ್ಣ ಬಹುತೇಕ ಕಟ್ಟುವುದೇ ಇಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ಇವು ಗಡಸುತನ ತೆಗೆಯುವುದಿಲ್ಲ. ಕಟ್ಟಡಕ್ಕೆ ಸಾಫ್ಟನರ್ ಇದ್ದರೆ ಗೀಸರ್, ವಾಷಿಂಗ್ ಮೆಷಿನ್‌ಗೆ ಒಳ್ಳೆಯದು, ಆದರೆ ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಬಿಪಿ ಇರುವವರು ಕುಡಿಯುವ ಮುಂಚೆ ಡಾಕ್ಟರನ್ನು ಕೇಳಬೇಕು. ನಿಮ್ಮ ಜಾಗ ಬೆಂಗಳೂರು ಪಾಲಿಕೆಗೆ ಆಮೇಲೆ ಸೇರಿಸಿದ ಹೊರವಲಯದ 110 ಹಳ್ಳಿಗಳ ಪಟ್ಟಿಯಲ್ಲಿದ್ದರೆ ಕಾವೇರಿ ಸಂಪರ್ಕ ಕೇಳಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ದಿನಕ್ಕೆ 775 ದಶಲಕ್ಷ ಲೀಟರ್ ಯೋಜನೆ ಆ ಹಳ್ಳಿಗಳಿಗೆ ಅಂತಲೇ ಆದದ್ದು, ಮತ್ತು ನದಿ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೆದು.

ಇದ್ಯಾವುದೂ ಇಲ್ಲದಿದ್ದರೂ ಒಂದು ಅಭ್ಯಾಸ ಸಾಕು. ಕೆಟಲಿನಲ್ಲಿ ನೀರು ಉಳಿಸಬೇಡಿ. ಬೇಕಾದಷ್ಟೇ ಕಾಯಿಸಿ, ಉಳಿದದ್ದನ್ನು ಫ್ಲಾಸ್ಕಿಗೆ ಹಾಕಿ, ಕೆಟಲ್ ಬೋರಲು ಹಾಕಿ ಒಣಗಲು ಬಿಡಿ. ಉಳಿದ ನೀರಿನ ಮೇಲೆ ಮತ್ತೆ ನೀರು ಹಾಕಿ ಮತ್ತೆ ಮತ್ತೆ ಕಾಯಿಸುವ ಮನೆಗಳಲ್ಲೇ ಪದರ ಗಟ್ಟಿಯಾಗುವುದು. ತಿಂಗಳಿಗೊಮ್ಮೆ, ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನ ಅಂತ ಇಟ್ಟುಕೊಂಡಿದ್ದೇವೆ, ಮರೆಯುವುದಿಲ್ಲ, ಒಂದು ದೊಡ್ಡ ಚಮಚ ನಿಂಬೆ ಉಪ್ಪು ಹಾಕಿ. ಆ 9 ಗ್ರಾಂ ಸುಣ್ಣ ಅದಕ್ಕೇ ಹೋಗಿಬಿಡುತ್ತದೆ. ಹೊಸ ಜಾಲರಿಯನ್ನೂ ಅದೇ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ನಲ್ಲಿ ಕೆಳಗೆ ಹಿಂದಿನಿಂದ ಮುಂದಕ್ಕೆ ನೀರು ಬಿಡಿ. ಬ್ರಷ್ ತಾಗಿಸಬೇಡಿ.

ಹೊಸ ಜಾಲರಿ ಸಿಗುತ್ತದಾ ಅಂತ ಕೇಳುವುದಾದರೆ, ಕೆಟಲನ್ನು ಖಾಲಿ ಮಾಡಿ ತಿರುಗಿಸಿ ನೋಡಿ, ತಳದ ಸ್ಟಿಕ್ಕರ್ ಮೇಲೆ ಮಾಡೆಲ್ ನಂಬರ್ ಇರುತ್ತದೆ. ಅದರ ಫೋಟೊ, ಮುರಿದ ಜಾಲರಿಯ ಫೋಟೊ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿ. ಅವರು ಇಲ್ಲ ಅಂದರೆ ಮಿಕ್ಸಿ ಜಾರ್, ಕುಕ್ಕರ್ ಗ್ಯಾಸ್ಕೆಟ್ ಮಾರುವ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿ. ಅಳತೆ ಒಂದು ಮಿಲಿಮೀಟರ್ ಆಚೀಚೆ ಆದರೂ ಕೂರುವುದಿಲ್ಲ, ಹಾಗಾಗಿ ಮುರಿದ ತುಂಡನ್ನು ಜೊತೆಗೇ ತೊಗೊಂಡು ಹೋಗಿ. ಎಲ್ಲೂ ಸಿಗದಿದ್ದರೆ ಟೀ ಜರಡಿಯಲ್ಲೇ ಮುಂದುವರಿಸಿ. ನಮ್ಮ ಮನೆಯ ಕೆಟಲಿಗೆ ಮೂರು ವರ್ಷದಿಂದ ಜಾಲರಿ ಇಲ್ಲ, ತಿಂಗಳಿಗೊಮ್ಮೆ ಸುಣ್ಣ ತೆಗೆಯುವುದರಿಂದ ಲೋಟದಲ್ಲಿ ಒಂದು ಚಕ್ಕೆಯೂ ಬರುವುದಿಲ್ಲ.